ಮೂರು ಗಡಿಗೆಯ ಗೋಡೆ

ಬಳ್ಳಾರಿಯ ಕೌಲ್ ಬಜಾರಿನ ನನ್ನೇಸಾಬನ ನೌಕರಿಯೆಂದರೆ ಕೊಡೆ ಹಿಡಿಯುವುದು. ವಿಕ್ಟೋರಿಯಾ ರಾಣಿ ಮುದುಕಿಯಾಗಿದ್ದ ಕಾಲ ಅದು. ದಂಡಿನ ಪ್ರದೇಶದಲ್ಲಿ ಸರ್ಕಾರದವರು ಎಡೆಬಿಡದೆ ಕಟ್ಟಡ ಕಟ್ಟಿಸುತ್ತಿದ್ದರು. ಕಟ್ಟಿಸುವ ಇಂಜಿನಿಯರ್ ದೊರೆಯ ತಲೆ ಬಳ್ಳಾರಿಯ ಬಿಸಿಲಿಗೆ ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಗಾಗುತ್ತಿತ್ತು. ಆ ತಲೆಗೂ ಆ ಬಿಸಿಲಿಗೂ ನಡುವೆ ನಿಲ್ಲುವವನು ನನ್ನೇಸಾಬ. ಕೊಡೆ ಒಬ್ಬರಿಗೆ ಸಾಲುವಷ್ಟೇ ಇದ್ದುದರಿಂದ ಅವನು ಮಾತ್ರ ಬಿಸಿಲಲ್ಲೇ ಇರುತ್ತಿದ್ದ. ಆದರೂ ಮಸೀದಿಯ ಕಟ್ಟೆಯ ಮೇಲೆ ಕೂತಾಗ, "ದವಾಖಾನಿ ಗ್ವಾಡಿ ನಾನೂ ದೊರಿನೂ ಸೇರಿ ಎಬ್ಬಿಸಾಕ ಹತ್ತೀವಿ" ಎಂದೇ ಹೇಳುತ್ತಿದ್ದ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಡೆಯಿಲ್ಲದಿದ್ದರೆ ದೊರೆ ಬೀಳುತ್ತಿದ್ದ. ದೊರೆ ಬಿದ್ದರೆ ಗೋಡೆ ಏಳುತ್ತಿರಲಿಲ್ಲ.

ಕೊಡೆ ಹಿಡಿದವನಿಗೆ ಕೈ ಕಟ್ಟಿರುತ್ತದೆ, ಕಿವಿ ಬಿಚ್ಚಿರುತ್ತದೆ. ದೊರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಓವರ್ಸಿಯರ್ ಗಾರೆಯವರಿಗೆ ತೆಲುಗಿನಲ್ಲಿ ಹೇಳುತ್ತಿದ್ದ. ಅದನ್ನು ನನ್ನೇಸಾಬ ಕನ್ನಡದಲ್ಲಿ ಅರ್ಥ ಮಾಡಿಕೊಂಡು ಮನೆಗೆ ಬಂದು ಹೆಂಡತಿ ಹಮೀದಾಬಿಗೆ ಒಪ್ಪಿಸುತ್ತಿದ್ದ. ಇಷ್ಟು ಕೈ ದಾಟಿ ಬರುವಷ್ಟರಲ್ಲಿ ದೊರೆಯ ವಿದ್ಯೆ ಅರ್ಧ ಸೋರಿಹೋಗುತ್ತಿತ್ತು. ಸೋರಿದ ಅರ್ಧವನ್ನು ನನ್ನೇಸಾಬ ತನ್ನದೇ ಸರಕು ತುಂಬಿ ಸರಿಮಾಡುತ್ತಿದ್ದ.

ಆ ಬೇಸಿಗೆಯಲ್ಲಿ ಮಗಳು ಶಹಜಾದಿ ಬಸುರಿ. ಕೊಟ್ಟ ಮನೆ ಸಿರುಗುಪ್ಪದಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಗಂಡಹೆಂಡತಿ ಬಂಡಿ ಕಟ್ಟಿಕೊಂಡು ಮಗಳನ್ನು ಕರೆತರಲು ಹೋದರು.

ಬೀಗ ಸುಭಾನಸಾಬ ಅಕ್ಕಿ ವ್ಯಾಪಾರಿ, ಧಡೂತಿ ಆಸಾಮಿ, ಒಂದು ಮಾತಾಡಿದರೆ ಎರಡು ಸಲ ಕೆಮ್ಮುವವನು. ಅವನ ಮನೆ ಕಾಲುವೆಯ ದಂಡೆಗೆ, ಮಾವಿನ ಮರದ ನೆರಳಿಗೆ ಇತ್ತು. ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಷ್ಟು ತಂಪು. ಊಟವೆಲ್ಲ ಆಗಿ ಎಲೆಯಡಿಕೆ ಬಂದ ಮೇಲೆ ನನ್ನೇಸಾಬ ಬಂದ ಕಾರಣ ಹೇಳಿದ. ಸುಭಾನಸಾಬ ಕೆಮ್ಮಿದ.

"ಕಳಿಸಬಾರದಂತಲ್ಲ ಬೀಗರೆ. ಆದ್ರ ನಿಮ್ಮ ಮನಿಯಾಗ ಆಕಿಗೆ ಕೊಡೋ ಕೋಣಿ ಯಾವ್ದು? ಆ ಪಡುವಣ ಕೋಣಿ ಹೌದಲ್ರಿ?"

"ಹೌದು. ಅದೊಂದೇ ಖಾಲಿ ಇರೋದು."

"ಹ್ವಾದ ವರ್ಷ ಬಂದಾಗ ಅದ್ರಾಗ ಕುಂತಿದ್ದೆ. ನಾನು ಕೋಳಿ ಮೊಟ್ಟಿ ಆಗಿದ್ರ ಅವತ್ತೇ ಮರಿ ಆಗಿ ಹೊರಗ ಬರ್ತಿದ್ದೆ. ಬಳ್ಳಾರಿ ಬಿಸಲಾಗ, ಆ ಕೋಣ್ಯಾಗ, ಬಸುರಿ ಹೆಣ್ಣುಮಗಳು? ಬ್ಯಾಡ್ರಿ. ಇಲ್ಲೇ ಆಗಲಿ. ಹಮೀದಾಬಿಯವರು ಬೇಕಾದ್ರ ಬಂದಿರಲಿ."

ಹಮೀದಾಬಿಯ ಮುಖ ಸಣ್ಣದಾಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಶಹಜಾದಿ ಅಪ್ಪನನ್ನೇ ನೋಡುತ್ತಿದ್ದಳು. ಆ ಹೊತ್ತಿಗೆ "ಹಂಗಾದ್ರ ಹಂಗೇ ಆಗಲಿ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಗಳ ಕಣ್ಣು ತಾಗಿದ ನನ್ನೇಸಾಬನ ಬಾಯಿಗೆ ದೊರೆಯ ವಿದ್ಯೆ ತಾನಾಗಿ ಬಂದುಬಿಟ್ಟಿತು.

"ಬೀಗರೆ, ನೀವು ಹೇಳೋದು ಹಳೇ ಗ್ವಾಡಿ ಮಾತು. ಈಗ ನಾವು ಪದರದ ಗ್ವಾಡಿ ಕಟ್ಟತೀವಿ. ದೊರಿನೂ ನಾನೂ ಅದರ ಲೆಕ್ಕಾನೇ ಹಾಕಾಕ ಹತ್ತೀವಿ. ಆ ಕೋಣಿಗೆ ಅಂಥಾ ಗ್ವಾಡಿ ಎಬ್ಬಿಸಿದ್ನೆಂದ್ರ ನಿಮ್ಮ ಸೊಸಿಗೆ ವೈಶಾಖದಾಗ ದುಪ್ಪಡಿ ಬೇಕಾಗತೈತಿ!"

ಸುಭಾನಸಾಬ ಒಂದು ಕೆಮ್ಮೂ ಕೆಮ್ಮದೆ ಅವನನ್ನೇ ದಿಟ್ಟಿಸಿದ.

"ಹೌದಾ? ಹಂಗಾದ್ರ ಕಟ್ರಿ. ನಾನು ಬಂದು ಕುಂತು ನೋಡತೀನಿ. ಈ ಪಡಸಾಲಿಗಿಂತ ತಂಪಿದ್ರ ನಾನೇ ಆಕಿನ್ನ ಬಂಡ್ಯಾಗ ಕರಕೊಂಡು ಬಂದು ಬಿಡತೀನಿ."

ಹೊರಡುವಾಗ ಶಹಜಾದಿ ಅಪ್ಪನ ಅಂಗಿಯ ತೋಳು ಹಿಡಿದು, "ಅಪ್ಪಾ, ಏನಾರ ಮಾಡು. ನನಗ ಅಮ್ಮನ ಹತ್ರ ಇರಬೇಕನಸತೈತಿ" ಎಂದಳು. ಬಳ್ಳಾರಿಗೆ ಮರಳುವ ದಾರಿಯಲ್ಲಿ, ಕುರುಗೋಡು ಊರು ದಾಟಿದ ಮೇಲೆ ಹಮೀದಾಬಿ ಕೇಳಿದಳು:

"ಗ್ವಾಡಿ ಕಟ್ಟಾಕ ಬರತೈತೇನ್ರಿ ನಿಮಗ?"

"ಲೆಕ್ಕ ಬರತೈತಿ" ಎಂದ ನನ್ನೇಸಾಬ.

ಆ ಲೆಕ್ಕದ ಸಂಗತಿ ಹೀಗೆ. ಒಂದು ದಿನ ದವಾಖಾನೆಯ ಗೋಡೆಯ ಹತ್ತಿರ ಓವರ್ಸಿಯರ್, ಹೊರಗಿನ ಸೆಕೆ ಒಳಗೆ ಬರಲು ಎಷ್ಟು ಹೊತ್ತು ಬೇಕೆಂದು ಕೇಳಿದ್ದ. ಕಲ್ಲು, ಮಣ್ಣು, ಗಾರೆ ಎಂದು ಒಂದರ ಹಿಂದೆ ಒಂದು ಪದರವಿರುವ ಗೋಡೆಗೆ ಸರಿಯಾದ ಲೆಕ್ಕ ಹಾಕುತ್ತ ಕೂತರೆ ತಲೆ ಕೆಟ್ಟುಹೋಗುತ್ತದೆ ಎಂದು ದೊರೆ ನಕ್ಕು, ಸುಲಭದ ದಾರಿ ಹೇಳಿದ್ದ. ಪದರಕ್ಕೊಂದು ಗಡಿಗೆ ಇದೆಯೆಂದುಕೊಳ್ಳಿ. ಸೆಕೆ ಎಂದರೆ ನೀರು. ಪದರ ದಪ್ಪವೂ ಭಾರವೂ ಆಗಿದ್ದರೆ ದೊಡ್ಡ ಗಡಿಗೆ, ಅದು ಹೆಚ್ಚು ಸೆಕೆ ಹಿಡಿದಿಟ್ಟುಕೊಳ್ಳುತ್ತದೆ. ಪದರ ಸೆಕೆಯನ್ನು ಸುಲಭಕ್ಕೆ ಬಿಡದಿದ್ದರೆ ಗಡಿಗೆಯ ತೂತು ಸಣ್ಣದು. ಮೇಲಿನ ಗಡಿಗೆಗೆ ಬಿಸಿಲು ನೀರು ಹೊಯ್ಯುತ್ತದೆ, ಅದು ಎರಡನೆಯದಕ್ಕೆ ಸೋರುತ್ತದೆ, ಎರಡನೆಯದು ಮೂರನೆಯದಕ್ಕೆ. ಕೊನೆಯ ಗಡಿಗೆಯಿಂದ ಹನಿ ಬಿತ್ತೆಂದರೆ ಸೆಕೆ ಮನೆಯೊಳಗೆ ಬಂತೆಂದು ಅರ್ಥ. ದೊರೆ ಇದನ್ನು ಹೇಳಿದ್ದು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ ಎಂದು. ನನ್ನೇಸಾಬನಿಗೆ ಆ ಭಾಗ ಮಾತ್ರ ಕೇಳಿಸಿರಲಿಲ್ಲ. ಅವನು ಸೀದಾ ಕುಂಬಾರರ ಓಣಿಗೆ ಹೋಗಿ ಮೂರು ಗಡಿಗೆ ತಂದ.

ಅವನ ಮನಸ್ಸಿನಲ್ಲಿದ್ದ ಗೋಡೆ ಇದು: ಹೊರಗೆ ಇಟ್ಟಿಗೆ, ನಡುವೆ ಭತ್ತದ ಹೊಟ್ಟು, ಒಳಗೆ ಈಗಿರುವ ಹಳೆಯ ಮಣ್ಣಿನ ಗೋಡೆ. ಅದಕ್ಕೆ ತಕ್ಕಂತೆ ಅಂಗಳದಲ್ಲಿ ಬೇವಿನ ಕಂಬ ನೆಟ್ಟು ಗಡಿಗೆಗಳನ್ನು ಒಂದರ ಕೆಳಗೊಂದು ತೂಗುಹಾಕಿದ. ಕೆಳಗೆ ಹಮೀದಾಬಿಯ ಹಿಟ್ಟು ಕಲಸುವ ಪರಾತ ಇಟ್ಟ. ಆ ಪರಾತವೇ ಮಗಳ ಕೋಣೆ. ಅಂದು ನೌಕರಿಗೆ ರಜೆ. ಬೆಳಿಗ್ಗೆಯಿಂದ ಬಿಸಿಲೇರಿದ ಹಾಗೆಲ್ಲ ಮೇಲಿನ ಗಡಿಗೆಗೆ ನೀರು ಹಾಕುತ್ತ ಹೋದ. ನಡುಮಧ್ಯಾಹ್ನ ಬಂತು. ಪರಾತ ಬಣಬಣ ಒಣಗಿತ್ತು.

"ಹಮೀದಾ, ನೋಡಿಲ್ಲೆ! ಹೊರಗ ಕೆಂಡ, ಒಳಗ ಒಂದು ಹನಿ ಸೆಕಿ ಇಲ್ಲ!" ಎಂದು ಕುಣಿದ.

"ಹಿಟ್ಟು ಕಲಸಬೇಕು, ಪರಾತ ಕೊಡ್ರಿ" ಎಂದಳು ಹಮೀದಾಬಿ.

ಕೊಡಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು. ದೀಪ ಹಚ್ಚುವ ಹೊತ್ತಿಗೆ, ಗಾಳಿ ತಂಪಾಗುವ ಆ ಹೊತ್ತಿಗೆ ಸರಿಯಾಗಿ ಪರಾತದಲ್ಲಿ ಟಪ್ಪೆಂದು ಹನಿ ಬಿತ್ತು. ಆಮೇಲೆ ಟಪ್, ಟಪ್, ಟಪ್. ನನ್ನೇಸಾಬ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವನ ಗೋಡೆ ಹಗಲೆಲ್ಲ ಸೆಕೆಯನ್ನು ಹಿಡಿದಿಟ್ಟುಕೊಂಡು, ಹೊರಗೆಲ್ಲ ತಣ್ಣಗಾದ ಮೇಲೆ ಮಗಳ ಕೋಣೆಯೊಳಗೆ ಬಿಡುವ ಗೋಡೆಯಾಗಿತ್ತು.

"ಏನಾತ್ರಿ?" ಎಂದು ಹಮೀದಾಬಿ ಒಳಗಿಂದ ಕೇಳಿದಳು.

"ಏನಿಲ್ಲ. ನೀರು ಚೊಲೋ ಐತಿ."

ಮರುದಿನ ತೂತುಗಳನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದಾಗ ಪಕ್ಕದ ಮನೆಯ ಗಿಡ್ಡಮ್ಮ ಬಂದಳು. ಬೆವರುಸಾಲೆಯಿಂದ ಬೆನ್ನೆಲ್ಲ ಕೆಂಪಾಗಿ, ಕೈಯಲ್ಲಿ ಬೀಸಣಿಗೆ ಹಿಡಿದೇ ಊರೆಲ್ಲ ಸುತ್ತುವ ಹೆಂಗಸು. ಹೆಸರಿಗೆ ಗಿಡ್ಡಮ್ಮ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ.

"ಸಾಬಣ್ಣ, ಏನಿದು? ಗುಡ್ಯಾಗ ಶಿವಲಿಂಗದ ಮ್ಯಾಲೆ ಧಾರಿ ಗಡಿಗಿ ಕಟ್ಟಿದಂಗ ಕಟ್ಟೀಯಲ್ಲ?"

ನನ್ನೇಸಾಬ ಮೀಸೆ ಸವರಿದ. "ಸೆಕಿ ಲೆಕ್ಕ ಗಿಡ್ಡಮ್ಮಕ್ಕ. ಈ ಮ್ಯಾಲಿನ ಗಡಿಗ್ಯಾಗ ಬಿಸಲು ಬೀಳತೈತಿ. ಅದು ಇದ್ರಾಗ ಇಳೀತೈತಿ. ಇಲ್ಲಿಂದ ಪರಾತದಾಗ ಬಿತ್ತಂದ್ರ ಮನಿಯೊಳಗ ಸೆಕಿ ಬಂತಂತ ತಿಳಕೋ."

"ಪರಾತದಾಗ ಬೀಳಲಿಲ್ಲಂದ್ರ?"

"ಬೀಳಲಿಲ್ಲಂದ್ರ ಸೆಕಿ ಇಲ್ಲ. ಇಂಜಿನಿಯರ್ ದೊರಿ ಲೆಕ್ಕ ಇದು."

ಹೀಗೆಂದು ಅವನು ಕೊಡೆ ತೆಗೆದುಕೊಂಡು ನೌಕರಿಗೆ ಹೋದ. ಗಿಡ್ಡಮ್ಮ ಸ್ವಲ್ಪ ಹೊತ್ತು ಗಡಿಗೆಗಳನ್ನೇ ನೋಡುತ್ತ ನಿಂತಳು. ಬೆನ್ನು ತುರಿಸಿಕೊಂಡಳು. ಆಮೇಲೆ ಮನೆಗೆ ಹೋಗಿ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನ ಉಂಡೆ ತಂದು ಎರಡನೆಯ ಗಡಿಗೆಯ ತೂತಿಗೆ ಗಟ್ಟಿಯಾಗಿ ಮೆತ್ತಿದಳು.

ಆಕಾಶಕ್ಕೆ ಇದು ಹೇಗೆ ಗೊತ್ತಾಯಿತೋ ಹೇಳಲಾರೆ. ಮಧ್ಯಾಹ್ನದ ಹೊತ್ತಿಗೆ ಬಳ್ಳಾರಿಯ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ಗಾಳಿ ಬೀಸಿತು. ಸಂಜೆಗೆ ಬೇಸಿಗೆಯ ಮಳೆ ದಬದಬ ಸುರಿಯಿತು. ಗಿಡ್ಡಮ್ಮ ಬೀಸಣಿಗೆಯನ್ನು ಎಸೆದು ಬೀದಿಗೆ ಬಂದು ಕೂಗಿದಳು:

"ಬರ್ರೇ ಎಲ್ಲಾರೂ! ಸಾಬಣ್ಣನ ಗಡಿಗಿಗೆ ನಾನು ಹುಣಸಿಹಣ್ಣು ಮೆತ್ತಿದ್ದೇ ತಡ, ಸೂರ್ಯ ಬಾಯಿ ಮುಚ್ಕೊಂಡ!"

ನನ್ನೇಸಾಬ ತೊಯ್ದುಕೊಂಡು ಮನೆಗೆ ಬಂದಾಗ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಯಾರೋ ಮೇಲಿನ ಗಡಿಗೆಗೆ ಅರಿಶಿನ ಹಚ್ಚಿದ್ದರು. ಮಸೀದಿಯ ಕಡೆಯವರು ಊದುಬತ್ತಿ ಸಿಕ್ಕಿಸಿದ್ದರು. ಹಮೀದಾಬಿ ಮೂಲೆಯಲ್ಲಿ ನಿಂತು ಪರಾತ ಕೊಡಿರೆಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

"ಅಲ್ರೋ, ಇದು ಬರೇ ಲೆಕ್ಕ! ಗಡಿಗಿ ಮುಚ್ಚಿದ್ರ ಬಿಸಲು ನಿಲ್ಲಂಗಿಲ್ಲ. ಬಿಸಲು ಬಂದಂಗ ನಾವು ನೀರು ಹಾಕತೀವಿ ಅಷ್ಟ" ಎಂದ ನನ್ನೇಸಾಬ.

"ದೊಡ್ಡವರು ಹಿಂಗೇ ಹೇಳೋದು" ಎಂದು ಗಿಡ್ಡಮ್ಮ ಜನಕ್ಕೆ ತಿಳಿಸಿದಳು. "ತಮ್ಮಿಂದೇನೂ ಇಲ್ಲ ಅಂತಾರ."

ಮೋಡ ಮರುದಿನವೂ ಕರಗಲಿಲ್ಲ, ಅದರ ಮರುದಿನವೂ ಕರಗಲಿಲ್ಲ. ಓಣಿಯವರಿಗೆಲ್ಲ ಹಬ್ಬ. ಆದರೆ ಒಬ್ಬನ ತಂಪು ಇನ್ನೊಬ್ಬನ ಗಂಟಲಿಗೆ ಬಂದಿತ್ತು. ಸಂಗನಕಲ್ಲಿನ ದಾರಿಯಲ್ಲಿ ಇಟ್ಟಿಗೆ ಕೊಯ್ಯುವ ಜಡೆಪ್ಪ ಎರಡು ಬಂಡಿ ಹಸಿ ಇಟ್ಟಿಗೆ ಹೇರಿಕೊಂಡು ನನ್ನೇಸಾಬನ ಬಾಗಿಲಿಗೇ ಬಂದ. ಕಪ್ಪು, ಗಿಡ್ಡ, ಸಿಟ್ಟಿನ ಆಳು.

"ಎಲ್ಲಿ ಆ ಬಿಸಲು ಮುಚ್ಚಿದ ಸಾಬ?"

"ನಾನೇ ನನ್ನೇಸಾಬ. ಆದ್ರ ಬಿಸಲು ನಾನು…"

"ಒಣಗಾಕ ಇಟ್ಟ ಇಟ್ಟಂಗಿ ನೋಡ್ರಿಲ್ಲಿ! ಮಳ್ಯಾಗ ಮೂಲಿ ಕರಗಿ ಬೆಲ್ಲದಚ್ಚು ಆಗ್ಯಾವ. ಬಿಸಲು ಬಿಡ್ರಿ ಅಂದ್ರ ಬಿಡವಲ್ರಿ. ನೀವೇ ಕೆಡಿಸೀರಿ, ನೀವೇ ಇಟ್ಕೊಳ್ರಿ!"

ಹೀಗೆಂದು ಬಂಡಿಗಳನ್ನು ವಾಲಿಸಿ ಇಟ್ಟಿಗೆಯನ್ನೆಲ್ಲ ಅಂಗಳದ ಪಡುವಣ ಗೋಡೆಯ ಪಕ್ಕ ಸುರಿದ. ಆಮೇಲೆ ಗಡಿಗೆಯ ಕಡೆ ನುಗ್ಗಿದ. "ಕಿತ್ತು ಒಗೀತೀನಿ ಆ ಹುಣಸಿಹಣ್ಣು!"

"ಮುಟ್ಟಿದ್ರ ನೋಡು!" ಎಂದು ಗಿಡ್ಡಮ್ಮ ಅಡ್ಡ ನಿಂತಳು. ಜಡೆಪ್ಪನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಅವನು ಎಡಕ್ಕೆ ಹೋದರೆ ಅವಳು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸಂಡಿಗೆ ಒಣಗಿಸುವವರು, ಅಗಸರು ಜಡೆಪ್ಪನ ಪಕ್ಷ ವಹಿಸಿದರು; ಬೆವರುಸಾಲೆಯವರೆಲ್ಲ ಗಿಡ್ಡಮ್ಮನ ಪಕ್ಷ. ಗಲಾಟೆ ಠಾಣೆಯವರೆಗೂ ಕೇಳಿಸಿ ದಫೇದಾರ್ ಪಾಲಯ್ಯ ಬಂದ. ಟೊಪ್ಪಿಗೆ ಸರಿಮಾಡಿಕೊಂಡು ಗಡಿಗೆಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಸಾಬ, ಬಿಸಲು ಯಾರದು?"

"ದೇವರದು ಸ್ವಾಮಿ."

"ತಪ್ಪು. ಬಳ್ಳಾರಿ ಸರಹದ್ದಿನಾಗ ಬಿದ್ದ ಬಿಸಲು ಸರ್ಕಾರದ್ದು. ಸರ್ಕಾರದ್ದನ್ನ ಮನ್ಯಾಗ ತಡದಿಟ್ಟಿದ್ದು ಗುನ್ನೆ. ನಡಿ, ಕಚೇರಿಗೆ. ಗಡಿಗಿನೂ ಹೊರಸು."

ತಹಶೀಲ್ದಾರರ ಕಚೇರಿಗೆ ಮೆರವಣಿಗೆ ಹೊರಟಿತು. ಮುಂದೆ ಪಾಲಯ್ಯ, ಹಿಂದೆ ಮೂರು ಗಡಿಗೆ ಹೊತ್ತ ಆಳುಗಳು, ಅವರ ಹಿಂದೆ ನನ್ನೇಸಾಬ, ಕೊನೆಗೆ ಜಡೆಪ್ಪನನ್ನು ಗಡಿಗೆಯಿಂದ ದೂರವಿಡುತ್ತ ಗಿಡ್ಡಮ್ಮ. ತಹಶೀಲ್ದಾರರು ಬೀಸುಪಂಖದ ಕೆಳಗೂ ಬೆವರುವಂಥ ದೇಹದವರು. ನನ್ನೇಸಾಬ ಪದರ, ಗಡಿಗೆ, ತೂತು ಎಲ್ಲವನ್ನೂ ವಿವರಿಸಿದ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮಿಕ್ಕವರನ್ನೆಲ್ಲ ಹೊರಗೆ ಕಳಿಸಿ ಬಗ್ಗಿ ಕೇಳಿದರು:

"ಅದೆಲ್ಲ ಇರಲಿ ಸಾಬ. ಈ ಕಚೇರಿಗೆ ಎಷ್ಟು ಹುಣಸೆಹಣ್ಣು ಬೇಕಾಗುತ್ತೆ?"

"ಸ್ವಾಮಿ, ಹುಣಸಿಹಣ್ಣಿಗೂ ಬಿಸಲಿಗೂ ಸಂಬಂಧ ಇಲ್ರಿ. ಅದು ಗಿಡ್ಡಮ್ಮಕ್ಕನ ಕೆಲಸ."

"ಸರ್ಕಾರಿ ಕೆಲಸಕ್ಕೆ ಹಿಂದೆಮುಂದೆ ನೋಡಬೇಡ. ಕಲೆಕ್ಟರ್ ದೊರೆ ಬರೋವರೆಗೆ ಗಡಿಗೆ ಇಲ್ಲಿ ವರಾಂಡದಲ್ಲಿ ತೂಗಲಿ. ನೀನು ಹೋಗು."

ಗಡಿಗೆಗಳು ಕಚೇರಿಯ ವರಾಂಡದಲ್ಲಿ ತೂಗಿದವು. ಮರುದಿನ ಮೋಡ ಚದುರಿ, ಹಿಂದೆಂದೂ ಕಾಣದಂಥ ಬಿಸಿಲು ಬಿತ್ತು. ತಹಶೀಲ್ದಾರರು ಕೆಂಡವಾಗಿ ವರಾಂಡಕ್ಕೆ ಬಂದು ನೋಡಿದರೆ ಎರಡನೆಯ ಗಡಿಗೆಯ ತೂತು ಖಾಲಿ! ವಿಚಾರಣೆ ನಡೆದು, ಜವಾನ ಆ ಹುಣಸೆಹಣ್ಣನ್ನು ಸಾರಿಗೆ ಹಾಕಿಕೊಂಡು ಉಂಡದ್ದು ಹೊರಬಿತ್ತು. ಹೀಗಾಗಿ ಊರಿಗೆ ಬಿದ್ದ ಬಿಸಿಲಿನ ತಪ್ಪೆಲ್ಲ ಜವಾನನ ಹೊಟ್ಟೆಗೆ ಹೋಯಿತು. ನನ್ನೇಸಾಬನ ಕೀರ್ತಿಗೆ ಕುಂದು ಬರಲಿಲ್ಲ. ಬಂದಿದ್ದರೆ ಅವನಿಗೇ ಸಮಾಧಾನವಾಗುತ್ತಿತ್ತು.

ಇತ್ತ ಗೋಡೆ ಇನ್ನೂ ಎದ್ದಿರಲಿಲ್ಲ. ಸಿರುಗುಪ್ಪದ ಹತ್ತಿರದ ದೇಶನೂರಿನಿಂದ ತರಿಸಿದ್ದ ಭತ್ತದ ಹೊಟ್ಟಿನ ಚೀಲಗಳು ಮೂಲೆಯಲ್ಲಿದ್ದವು. ಕರಗಿದ ಇಟ್ಟಿಗೆಯ ಗುಡ್ಡೆ ಬಿದ್ದಿತ್ತು. ನನ್ನೇಸಾಬ ತಲೆಯ ಮೇಲೆ ಕೈಹೊತ್ತು ಅದರ ಮೇಲೆ ಕೂತಿದ್ದ. ಬಿಸಿಲು ಬಿಟ್ಟಿತಲ್ಲ ಎಂದು ಸಮಾಧಾನದ ಮಾತಾಡಲು ಬಂದಿದ್ದ ಜಡೆಪ್ಪ ಕೇಳಿದ:

"ಅಲ್ರಿ ಸಾಬ್ರೆ, ಇಷ್ಟೆಲ್ಲ ಉಸಾಬರಿ ಯಾಕ್ರಿ ನಿಮಗ?"

ನನ್ನೇಸಾಬ ಮಗಳ ಸುದ್ದಿ ಹೇಳಿದ. ಬೀಗ ಕಳಿಸುವುದಿಲ್ಲವೆಂದದ್ದು, ತಾನು ಜಂಬ ಕೊಚ್ಚಿದ್ದು, ಅವಳು ತೋಳು ಹಿಡಿದು ಹೇಳಿದ್ದು. ಜಡೆಪ್ಪ ಕೇಳುತ್ತ ಕೇಳುತ್ತ ಧೋತರ ಎತ್ತಿ ಕಟ್ಟಿದ.

"ಹುಡುಗಿ ತವರಿಗೆ ಬರೋ ವಿಷಯ ಅಂತ ಮೊದಲ್ಯಾಕ ಹೇಳಲಿಲ್ಲ? ಏಳ್ರಿ ಮ್ಯಾಲೆ. ಕುಂತಿದ್ದು ಇಟ್ಟಂಗಿ ಮ್ಯಾಲೆ."

ಅವನೇ ಮಣ್ಣು ಕಲಸಿದ, ಅವನೇ ಇಟ್ಟಿಗೆ ಇಟ್ಟ. ಗಿಡ್ಡಮ್ಮ ಅಟ್ಟಣಿಗೆಯಿಲ್ಲದೆಯೇ ಮೇಲಿನ ಸಾಲಿಗೆ ಕೈ ಚಾಚಿ ಹೊಟ್ಟು ತುಂಬಿದಳು. ಗಡಿಗೆಯ ಸಾಬನಿಗೆ ಕೈಜೋಡಿಸಿದರೆ ಓಣಿಗೆ ಒಳ್ಳೆಯದಾಗುತ್ತದೆಂದು ನಂಬಿ ಮಿಕ್ಕವರೂ ಬಂದರು. ಗೋಡೆ ಎದ್ದಿತು. ಮೂಲೆಗಳು ಅಂಕುಡೊಂಕು, ನಡುವೆ ಒಂದು ಕಡೆ ಬಸುರಿಯ ಹಾಗೆ ಉಬ್ಬು. ಆದರೆ ಗೋಡೆ. ಕೋಣೆಯೊಳಗೆ ಹಗಲು ತಂಪಾಗಿತ್ತು. ಸಂಜೆ ಏನಾಗುತ್ತದೆಂಬುದು ಒಬ್ಬ ನನ್ನೇಸಾಬನಿಗೆ ಮಾತ್ರ ಗೊತ್ತಿತ್ತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಕುರುಗೋಡಿಗೆ ತಲುಪಿತ್ತು. ಪರೀಕ್ಷೆಗೆಂದು ಹೊರಟಿದ್ದ ಸುಭಾನಸಾಬ ಅಲ್ಲಿ ಬಂಡಿ ನಿಲ್ಲಿಸಿ ಮಜ್ಜಿಗೆ ಕುಡಿಯುತ್ತಿದ್ದಾಗ, ಮಜ್ಜಿಗೆ ಮಾರುವ ಉಚ್ಚೆಂಗೆಮ್ಮ, "ಬಳ್ಳಾರ್ಯಾಗ ಒಬ್ಬ ಸಾಬ ಸೂರ್ಯನ್ನ ಗಡಿಗ್ಯಾಗ ಹಾಕಿ ಮುಚ್ಚ್ಯಾನಂತ್ರಿ. ತಹಶೀಲ್ದಾರ್ರೇ ಕೈ ಮುಗುದ್ರಂತ" ಎಂದಳು. ಆ ಸಾಬನ ಹೆಸರೇನೆಂದು ಕೇಳಿ, ನನ್ನೇಸಾಬನೆಂದು ತಿಳಿದಾಗ ಸುಭಾನಸಾಬನಿಗೆ ಮಜ್ಜಿಗೆ ನೆತ್ತಿಗೇರಿತು.

ಅವನು ಕೌಲ್ ಬಜಾರಿಗೆ ಬಂದದ್ದು ಸರಿಯಾಗಿ ನೆತ್ತಿ ಸುಡುವ ಹೊತ್ತಿಗೆ. ಸೀದಾ ಕೋಣೆಯೊಳಗೆ ಹೋಗಿ ಗೋಡೆಗೆ ಅಂಗೈ ಇಟ್ಟ. ಕೆನ್ನೆ ಇಟ್ಟ. ಆಮೇಲೆ ಚಾಪೆಯ ಮೇಲೆ ಕಾಲು ಚಾಚಿ, "ಯಾ ಅಲ್ಲಾ" ಎಂದು ಉಸಿರು ಬಿಟ್ಟು ಗೊರಕೆ ಹೊಡೆಯತೊಡಗಿದ.

ಗೆದ್ದೆವೆಂದು ಹಮೀದಾಬಿ ಬಿರಿಯಾನಿಗೆ ಅಕ್ಕಿ ನೆನೆಹಾಕಿದಳು. ನನ್ನೇಸಾಬ ಮಾತ್ರ ಬಾಗಿಲಲ್ಲಿ ನಿಂತು ನೆರಳು ಉದ್ದವಾಗುವುದನ್ನೇ ನೋಡುತ್ತಿದ್ದ. ಹೊತ್ತು ಇಳಿಯುತ್ತಿದ್ದಂತೆ ಒಳಗೆ ಹೋಗಿ ಬೀಗನ ಕಾಲು ಅಲುಗಿಸಿದ.

"ಬೀಗರೆ, ಏಳ್ರಿ. ಕಿಲ್ಲೆ ಕಡಿ ಹೋಗಿ ಬರೂಣು. ಗಾಳಿ ಚೊಲೋ ಬೀಸಾಕ ಹತ್ತೈತಿ."

"ಇಲ್ಲಿ ಇಷ್ಟು ತಂಪಿರುವಾಗ ಗಾಳಿ ಯಾಕ್ರಿ?" ಎಂದು ಸುಭಾನಸಾಬ ಮಗ್ಗುಲು ಬದಲಿಸಿದ.

"ಬಜಾರಿನಾಗ ಹೊಸ ಅಕ್ಕಿ ಬಂದೈತ್ರಿ, ನೀವು ನೋಡಲೇಬೇಕು."

"ಸಿರುಗುಪ್ಪದಾವನಿಗೆ ಬಳ್ಳಾರ್ಯಾಗ ಅಕ್ಕಿ ತೋರಸ್ತೀರಾ?"

ಗಿಡ್ಡಮ್ಮನನ್ನು ಕರೆದು, ಹೊರಗೆ ಬೆಂಕಿ ಬಿದ್ದಿದೆಯೆಂದು ಕೂಗಿಸಿದ. "ಬೆಂಕಿ ಬಿದ್ರ ಈ ಗ್ವಾಡಿ ದಾಟಿ ಬರೋದುಂಟೇನು?" ಎಂದು ಸುಭಾನಸಾಬ ಸಂತೋಷದಿಂದ ಉಬ್ಬುಗೋಡೆಯನ್ನು ತಟ್ಟಿದ. ತಟ್ಟಿದ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟ. ಹುಬ್ಬು ಗಂಟಿಕ್ಕಿತು. ಹಮೀದಾಬಿ ದೀಪ ಹಚ್ಚುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅವನ ಹಣೆಯ ಮೇಲೆ ಬೆವರೊಡೆಯಿತು. ಅಂಗಿ ಬೆನ್ನಿಗೆ ಅಂಟಿತು. ದಿನವಿಡೀ ಬಿಸಿಲು ಕುಡಿದಿದ್ದ ಗೋಡೆ ಸುಟ್ಟ ಹೆಂಚಿನ ಹಾಗೆ ಉಸಿರು ಬಿಡತೊಡಗಿತ್ತು. ಸುಭಾನಸಾಬ ಎದ್ದು ಕೂತು ಗೋಡೆಯನ್ನೊಮ್ಮೆ, ಬೀಗನನ್ನೊಮ್ಮೆ ನೋಡಿದ.

"ಏನ್ರಿ ಇದು?"

ನನ್ನೇಸಾಬನಿಗೆ ಇನ್ನು ಯಾವ ದೊರೆಯ ಮಾತೂ ನೆನಪಾಗಲಿಲ್ಲ. ಅವನು ನೆಲದ ಮೇಲೆ ಕೂತ.

"ಸುಳ್ಳು ಹೇಳಂಗಿಲ್ಲ ಬೀಗರೆ. ಹಗಲಿನ ಸೆಕಿ ಈಗ ಒಳಗ ಬಂತು. ಹಿಂಗಾಗತೈತಂತ ನನಗ ಮೊದ್ಲೇ ಗೊತ್ತಿತ್ತು. ನಾನು ಸೂರ್ಯನ್ನ ಮುಚ್ಚಿಲ್ಲ, ದೊರಿ ಜೋಡಿ ಗ್ವಾಡಿನೂ ಕಟ್ಟಿಲ್ಲ. ಕೊಡಿ ಹಿಡಿಯೋನು ಅದೀನಿ. ಮಗಳು ಬರಲಿ ಅಂತ ಬಾಯಿಗೆ ಬಂದಿದ್ದು ಅಂದುಬಿಟ್ಟೆ."

ಹಮೀದಾಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಗ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಗಿಡ್ಡಮ್ಮ ಇಣುಕಿ, "ಅಲ್ಲ, ಬ್ಯಾಸಗ್ಯಾಗ ದೀಪ ಹಚ್ಚಿದ ಮ್ಯಾಲೆ ಬಳ್ಳಾರ್ಯಾಗ ಮನಿಯೊಳಗ ಯಾರು ಕುಂದರತಾರ್ರಿ? ಇವರಿಗೆ ಮಾಳಿಗಿ ಹತ್ತಾಕ ಬರಂಗಿಲ್ಲೇನು?" ಎಂದಳು.

ಚಾಪೆ, ದಿಂಬು, ಬಿರಿಯಾನಿ ಎಲ್ಲವನ್ನೂ ಮಾಳಿಗೆಗೆ ಸಾಗಿಸಿದರು. ಸುಭಾನಸಾಬನನ್ನು ಏಣಿಯ ಕೆಳಗಿನಿಂದ ಜಡೆಪ್ಪ ನೂಕಿದ, ಮೇಲಿನಿಂದ ಗಿಡ್ಡಮ್ಮ ಎಳೆದಳು. ಮೇಲೆ ನಿಂತು ನೋಡಿದರೆ ಓಣಿಯ ಮಾಳಿಗೆಗಳ ಮೇಲೆಲ್ಲ ಜನವೋ ಜನ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮಾತು, ನಗೆ, ಉಪ್ಪಿನಕಾಯಿ ಹೋಗಿ ಬರುತ್ತಿದ್ದವು. ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬಂತು. ಸುಭಾನಸಾಬ ತಟ್ಟೆಯಲ್ಲಿದ್ದ ಬಿರಿಯಾನಿ ಮುಗಿಸಿದ.

"ಬೀಗರೆ, ನಾನೂ ಒಂದು ಮಾತು ಹೇಳತೀನಿ" ಎಂದು ಕೊನೆಗೆ ಕೆಮ್ಮಿದ. "ಸೆಕಿ ಅಂದಿದ್ದು ನೆವ. ನಮ್ಮಾಕಿ ತೀರಿಹೋದ ಮ್ಯಾಲೆ ಮನ್ಯಾಗ ನಾನೂ ನನ್ನ ಮಗನೂ ಇಬ್ರೇ. ಅವನಂತೂ ದಿನಕ್ಕೊಂದು ಮಾತಾಡಿದ್ರ ಹೆಚ್ಚು. ಶಹಜಾದಿ ಬಂದ ಮ್ಯಾಲೇ ಮನ್ಯಾಗ ಗಲಗಲ ಅನ್ನಾಕ ಹತ್ತಿದ್ದು. ಆಕಿ ಇಲ್ಲಿಗೆ ಬಂದ್ಳಂದ್ರ ಅಷ್ಟು ತಿಂಗಳು ಆ ತಂಪು ಪಡಸಾಲ್ಯಾಗ ನಾನೊಬ್ನೇ ಕುಂತು ಏನು ಮಾಡ್ಲಿ?"

ಹಮೀದಾಬಿ ಅವನ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಬಡಿಸಿದಳು. "ನೀವೂ ಬರ್ರಿ ಅಣ್ಣಾ. ಅದಕ್ಕೇನು? ಮಾಳಿಗಿ ದೊಡ್ಡದೈತಿ."

ಸುಭಾನಸಾಬ ಮಾತು ಉಳಿಸಿಕೊಂಡ. ಸೊಸೆಯನ್ನು ತಾನೇ ಬಂಡಿಯಲ್ಲಿ ಕರೆತಂದ. ಜೊತೆಗೆ ತನ್ನ ಹಾಸಿಗೆ, ಹುಕ್ಕಾ, ಅಕ್ಕಿಯ ಚೀಲಗಳನ್ನೂ ತಂದ. ಶಹಜಾದಿ ಹಗಲು ಕೋಣೆಯಲ್ಲಿ, ಸಂಜೆ ಮಾಳಿಗೆಯ ಮೇಲೆ ಅಮ್ಮನ ಪಕ್ಕ. ಅವಳು ಮಲಗದ ಹೊತ್ತಿನಲ್ಲೆಲ್ಲ ಕೋಣೆಯ ಚಾಪೆ ಸುಭಾನಸಾಬನದು. ನನ್ನೇಸಾಬ ನೌಕರಿಯಿಂದ ಬೆಂದು ಬಂದು ಒಳಗೆ ಇಣುಕಿದರೆ, "ಸ್ವಲ್ಪ ತಡೀರಿ ಬೀಗರೆ, ಈಗ ಕಣ್ಣು ಹತ್ತೈತಿ" ಎಂಬ ಮಾತು ಕೇಳುತ್ತಿತ್ತು.

ಹೆರಿಗೆಯ ನೋವು ಶುರುವಾದದ್ದು ಕಡುಬಿಸಿಲಿನ ಒಂದು ಮಧ್ಯಾಹ್ನ. ಸೂಲಗಿತ್ತಿ ಬಂದಳು, ಹಮೀದಾಬಿಯೂ ಗಿಡ್ಡಮ್ಮನೂ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ಗಂಡಸರನ್ನು ಮನೆಯಿಂದಲೇ ಹೊರಗೆ ಅಟ್ಟಿದರು. ಇಬ್ಬರು ಅಜ್ಜಂದಿರೂ ಹಿಂದುಗಡೆ ಸುತ್ತಿ ಬಂದು, ಸುಡುವ ಪಡುವಣ ಗೋಡೆಗೆ ಕಿವಿಯಿಟ್ಟು ನಿಂತರು.

"ಏನಾರ ಕೇಳಸತೈತೇನು?"

"ಇಲ್ಲ. ನಿಮಗ?"

"ಏನೂ ಇಲ್ಲ."

ಒಂದು ಕಿವಿ ಸುಟ್ಟಾಗ ಇನ್ನೊಂದು ಕಿವಿ ಇಟ್ಟರು. ಉಬ್ಬಿನ ಹತ್ತಿರ ಕೇಳಿದರು, ಮೂಲೆಯಲ್ಲಿ ಕೇಳಿದರು. ಒಳಗೆ ಜಗತ್ತೇ ಇಲ್ಲದಷ್ಟು ನಿಶ್ಶಬ್ದ. ಸುಭಾನಸಾಬನ ಕಣ್ಣಲ್ಲಿ ನೀರಾಡಿತು. "ಇಷ್ಟು ಹೊತ್ತಾದ್ರೂ ಕೂಸು ಅಳವಲ್ದು ಬೀಗರೆ. ಏನಾರ ಹೆಚ್ಚುಕಮ್ಮಿ…" ಎಂದ. ನನ್ನೇಸಾಬ ಅವನ ಕೈ ಹಿಡಿದುಕೊಂಡ. ಇಬ್ಬರೂ ಹಾಗೇ ಕೈ ಹಿಡಿದು, ಕೆನ್ನೆಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತ ನಿಂತುಬಿಟ್ಟರು.

ಹಮೀದಾಬಿ ಹುಡುಕಿಕೊಂಡು ಬಂದು ನೋಡಿದಾಗ ಇಬ್ಬರ ಒಂದೊಂದು ಕೆನ್ನೆ ಸುಟ್ಟು ಕೆಂಪಾಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಇಲ್ಲೇನು ಮಾಡಾಕ ಹತ್ತೀರಿ? ಹೆಣ್ಣು ಕೂಸು ಹುಟ್ಟಿ ಆಗ್ಲೇ ಎಷ್ಟೋ ಹೊತ್ತಾತು. ಅದರ ಅಳು ಕೇಳಿ ಓಣಿ ಹೆಂಗಸರೆಲ್ಲ ಮುಂದಿನ ಬಾಗಿಲಿಗೆ ಬಂದು ನೋಡಿ, ಸಕ್ರಿ ತಿಂದು ಹ್ವಾದ್ರು. ಅಜ್ಜಂದಿರೆಲ್ಲಿ, ಅಜ್ಜಂದಿರೆಲ್ಲಿ ಅಂತ ಎಲ್ರೂ ಕೇಳ್ಯಾರ. ಬರ್ರಿ ಒಳಗ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಟ್ಟು ತುಂಬಿದ ಗೋಡೆ ಹಗಲಿನ ಸೆಕೆಯ ಜೊತೆ ಕೂಸಿನ ಅಳುವನ್ನೂ ತಡೆದಿಟ್ಟಿತ್ತು. ಆಮೇಲೆ ಸುಭಾನಸಾಬ ತನ್ನ ಮೈಯನ್ನೆಲ್ಲ ಎತ್ತಿಕೊಂಡು ಓಡಿದ. ನನ್ನೇಸಾಬ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಕಾದ ನೆಲದ ಮೇಲೆ ಕುಪ್ಪಳಿಸುತ್ತ ಅವನ ಹಿಂದೆ ಓಡಿದ. ಬಾಗಿಲಲ್ಲಿ ಇಬ್ಬರೂ ಒಟ್ಟಿಗೇ ನುಗ್ಗಿ ಸಿಕ್ಕಿಬಿದ್ದರು. ಗಿಡ್ಡಮ್ಮ ಒಬ್ಬೊಬ್ಬರನ್ನೇ ಒಳಗೆ ಎಳೆದುಕೊಳ್ಳಬೇಕಾಯಿತು.